ಶಿಲೀಂಧ್ರಗಳ ಕೋಶರಚನೆಯೂ ಪೈರಿನ ರೋಗಗಳೂ

ಈಗ ದಾವಣಗೆರೆ ನಗರಕ್ಕೆ ಸೇರಿರುವ ಶಾಮನೂರಿನಿಂದ ಮೊದಲ್ಗೊಂಡು ಹರಿಹರದ ಕಡೆಯವರೆಗೂ, ಭದ್ರಾ ನಾಲೆಯ ನೀರಿನಿಂದ ಬತ್ತವನ್ನು ಬೆಳೆಯತಕ್ಕ ಬೇಸಾಯಗಾರರಿಗೆ ಬೆಂಕಿರೋಗದ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಹಸುರಾಗಿ ತೊನೆಯುತ್ತಿದ್ದ ಪೈರಿನ ಗರಿಗಳ ಮೇಲೆ ಕಣ್ಣಿನ ಆಕಾರದ ಮಚ್ಚೆಗಳು ಮೂಡಿ, ನಡುವೆ ಬೂದಿಬಣ್ಣಕ್ಕೂ ಅಂಚಿನಲ್ಲಿ ಕಂದುಬಣ್ಣಕ್ಕೂ ತಿರುಗಿ, ಕೆಲವೇ ದಿನಗಳಲ್ಲಿ ಗದ್ದೆಯು ಸುಟ್ಟಂತೆ ಕಾಣುವುದು. ರೋಗವು ತೆನೆಯ ಕುತ್ತಿಗೆಗೆ ಹತ್ತಿದರಂತೂ ಆ ಭಾಗವು ಕಪ್ಪಾಗಿ ಮುರಿದು, ಕಾಳು ಜೊಳ್ಳಾಗುವುದು. ಅನಂತರ ಎಷ್ಟು ಹಣ ವೆಚ್ಚಮಾಡಿ ಔಷಧಿಯನ್ನು ಹೊಡೆದರೂ ಜೊಳ್ಳು ಗಟ್ಟಿಕಾಳಾಗಲಾರದು. ಯಾವ ರೋಗಕ್ಕೆ ಯಾವ ಔಷಧಿಯು, ಯಾವ ಕಾಲದಲ್ಲಿ ಫಲಿಸುತ್ತದೆ ಎಂಬುದನ್ನು ಅರಿಯಬೇಕಾದರೆ, ರೋಗವನ್ನುಂಟುಮಾಡುವ ಜೀವಿಯ ಕೋಶವು ಎಂತಹುದೆಂಬುದನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರಬೇಕು.

ಶಿಲೀಂಧ್ರವೆಂದರೇನು?

ಮಳೆಗಾಲದಲ್ಲಿ ತಿಪ್ಪೆಯ ಮೇಲೆ ಏಳುವ ಅಣಬೆ, ಹಳಸಿದ ರೊಟ್ಟಿಯ ಮೇಲೆ ಹಬ್ಬುವ ಬೂಷ್ಟು, ಜೋಳದ ತೆನೆಯ ಕಾಡಿಗೆ, ಬತ್ತದ ಬೆಂಕಿರೋಗ, ಇವೆಲ್ಲವೂ ಶಿಲೀಂಧ್ರಗಳೆಂಬ ಒಂದೇ ವರ್ಗಕ್ಕೆ ಸೇರಿದುವು. ಪೂರ್ವದಲ್ಲಿ ಇವುಗಳನ್ನು ಸಸ್ಯಗಳೊಡನೆ ಎಣಿಸುತ್ತಿದ್ದರು. ಇವು ಸಸ್ಯಗಳೂ ಅಲ್ಲ, ಪ್ರಾಣಿಗಳೂ ಅಲ್ಲ, ಬೇರೆಯೇ ಒಂದು ಜೀವಿವರ್ಗವೆಂದು ಈಗ ನಿಶ್ಚಿತವಾಗಿದೆ. ಸಂಬಂಧವನ್ನು ನೋಡುವುದಾದರೆ ಇವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹೆಚ್ಚು ಸಮೀಪವಾದುವು.

ಶಿಲೀಂಧ್ರಕ್ಕೆ ಎಲೆಯ ಹಸುರಿಲ್ಲ. ಆದಕಾರಣ ಅದು ಬಿಸಿಲಿನ ಸಹಾಯದಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳಲಾರದು. ಅದರ ದೇಹವು ಸಾಧಾರಣವಾಗಿ ಕೂದಲಿಗಿಂತಲೂ ಸೂಕ್ಷ್ಮವಾದ ಎಳೆಗಳಿಂದಾದುದು. ಎಳೆಯು ತುದಿಯಲ್ಲಿ ಬೆಳೆಯುತ್ತ, ತನ್ನ ಸುತ್ತಲೂ ಜೀರ್ಣಕಾರಿ ರಸವನ್ನು ಸ್ರವಿಸಿ, ಅಲ್ಲಿರುವ ಪದಾರ್ಥವನ್ನು ಕರಗಿಸಿ, ಕರಗಿದುದನ್ನು ಹೀರಿಕೊಳ್ಳುವುದು. ಮನುಷ್ಯನು ಉಂಡು ಜೀರ್ಣಿಸುತ್ತಾನೆ. ಶಿಲೀಂಧ್ರವು ಜೀರ್ಣಿಸಿ ಉಣ್ಣುತ್ತದೆ.

ಈ ಎಳೆಯ ಕೋಶಗಳಲ್ಲಿ ಎರಡು ಭಾಗಗಳನ್ನು ಮುಖ್ಯವಾಗಿ ಗಮನಿಸಬೇಕು. ಮೊದಲನೆಯದು ಹೊರಗೋಡೆ. ಸಸ್ಯದ ಕೋಶದ ಗೋಡೆಯು ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸಿನಿಂದ ಆದುದು. ಶಿಲೀಂಧ್ರದ ಗೋಡೆಯಲ್ಲಿಯಾದರೋ ಏಡಿಯ ಚಿಪ್ಪಿನಲ್ಲಿಯೂ ಕೀಟಗಳ ಕವಚದಲ್ಲಿಯೂ ಇರತಕ್ಕ ಕೈಟಿನ್ ಎಂಬ ಗಟ್ಟಿ ಪದಾರ್ಥವಿದೆ. ಎರಡನೆಯದು, ಗೋಡೆಯ ಒಳಬದಿಗೆ ಅಂಟಿಕೊಂಡಿರುವ ತೆಳುಪೊರೆ. ಇದರಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂತಹ ವಸ್ತುವಿದೆ. ಇದು ಬತ್ತದ ಗಿಡದಲ್ಲಿಲ್ಲ. ಗಿಡಕ್ಕೆ ಕೇಡಾಗದಂತೆ ಶಿಲೀಂಧ್ರವನ್ನು ಮಾತ್ರ ಕೊಲ್ಲುವ ಅನೇಕ ಔಷಧಿಗಳು ಸಾಧ್ಯವಾದುದು ಇಂತಹ ವ್ಯತ್ಯಾಸಗಳಿಂದಲೇ.

ಬೆಂಕಿರೋಗವು ಗರಿಯನ್ನು ಹೊಗುವ ಬಗೆ

ಬೆಂಕಿರೋಗದ ಬೀಜಕಣವು ಮೂರು ಕೋಶಗಳುಳ್ಳದ್ದು. ಗಾಳಿಯಲ್ಲಿ ತೇಲಿಬಂದು, ಇಬ್ಬನಿಯಿಂದ ನೆನೆದ ಗರಿಯ ಮೇಲೆ ಕುಳಿತು, ಅಂಟಿನಿಂದ ಕಚ್ಚಿಕೊಂಡು, ಕೆಲವು ಗಂಟೆಗಳಲ್ಲಿ ಮೊಳೆಯುತ್ತದೆ. ಮೊಳಕೆಯ ತುದಿಯಲ್ಲಿ ಗುಮ್ಮಟದಂತಹ ಒಂದು ಕೋಶವು ಏರ್ಪಡುವುದು. ಅದರ ಗೋಡೆಗೆ ಮೆಲನಿನ್ ಎಂಬ ಕಪ್ಪು ಬಣ್ಣದ ಲೇಪವಾಗುತ್ತದೆ. ಈ ಲೇಪದ ದೆಸೆಯಿಂದ ಒಳಗೆ ಕೂಡಿದ ಗ್ಲಿಸರಿನ್ ಹೊರಕ್ಕೆ ಸೋರದೆ, ನೀರು ಮಾತ್ರ ಒಳಕ್ಕೆ ನುಗ್ಗಿ, ಒತ್ತಡವು ವಾಯುಮಂಡಲದ ಒತ್ತಡದ 80ರಷ್ಟಾಗಬಹುದು. ಮೋಟಾರು ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡಕ್ಕೆ ಇದು 30ರಷ್ಟಕ್ಕಿಂತಲೂ ಹೆಚ್ಚು. ಈ ಬಲದಿಂದ ಸೂಜಿಯಂತಹ ಎಳೆಯೊಂದು ಗರಿಯ ಮೇಲ್ಪೊರೆಯನ್ನು ಚುಚ್ಚಿ ಒಳಹೊಗುವುದು. ಹೊರಗೆ ಮಚ್ಚೆ ಕಾಣಿಸಿಕೊಳ್ಳುವುದು ಇದಾದ ಕೆಲವು ದಿನಗಳ ಮೇಲೆ. ಬಳಿಕ ಒಂದೊಂದು ಮಚ್ಚೆಯೂ ರಾತ್ರಿ ರಾತ್ರಿಯೂ ಸಾವಿರಾರು ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ.

ಟ್ರೈಸೈಕ್ಲಜೋಲ್ ಎಂಬ ಔಷಧಿಯು ಮೇಲೆ ಹೇಳಿದ ಕಪ್ಪು ಲೇಪವು ಆಗದಂತೆ ತಡೆಯುತ್ತದೆ. ಲೇಪವಿಲ್ಲದೆ ಒತ್ತಡವಿಲ್ಲ, ಒತ್ತಡವಿಲ್ಲದೆ ಪ್ರವೇಶವಿಲ್ಲ. ಆದುದರಿಂದ ಈ ಔಷಧಿಯು ಬಾಗಿಲು ಕಾಯುವ ಕಾವಲುಗಾರನೇ ಹೊರತು, ಒಳಹೊಕ್ಕ ಕಳ್ಳನನ್ನು ಹಿಡಿಯತಕ್ಕದ್ದಲ್ಲ. ಮೊದಲ ಮಚ್ಚೆಗಳು ಕಂಡ ಕೂಡಲೇ ಒಂದು ಸಲವೂ, ಕುತ್ತಿಗೆಯ ರಕ್ಷಣೆಗಾಗಿ ತೆನೆ ಹೊರಬೀಳುವುದಕ್ಕೆ ಮುಂಚೆ ಒಂದು ಸಲವೂ ಸಿಂಪಡಿಸಬೇಕೆಂಬುದಕ್ಕೆ ಇದೇ ಕಾರಣ.

ಅಡಕೆಯ ಕೊಳೆರೋಗ

ಈ ಜಿಲ್ಲೆಯಲ್ಲಿ ಗದ್ದೆಯೊಡನೆ ಅಡಕೆ ತೋಟವನ್ನೂ ಇಟ್ಟುಕೊಂಡಿರುವವರು ಉಂಟು. ಅವರು ಬತ್ತಕ್ಕೆ ತಂದು ಉಳಿದ ಔಷಧಿಯನ್ನು ಕೊಳೆರೋಗಕ್ಕೂ ಹೊಡೆಯಬಹುದೆಂದು ಭಾವಿಸಿದರೆ ಹಣವೂ ಹೋಗಿ ಫಸಲೂ ಹೋಗುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಕೊಳೆರೋಗವನ್ನು ಪರೀಕ್ಷಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಆ ಕಾಲದಲ್ಲಿ ಈ ರೋಗದ ಜೀವಿಯನ್ನು ಶಿಲೀಂಧ್ರವೆಂದೇ ಎಣಿಸುತ್ತಿದ್ದರು. ನೋಡುವುದಕ್ಕೆ ಅದೂ ಬಿಳಿಯ ಎಳೆಗಳ ಬೂಷ್ಟೇ ಸರಿ. ಆದರೆ ಅದರ ಕೋಶದ ಗೋಡೆಯು ಮುಖ್ಯವಾಗಿ ಕೈಟಿನಿನಿಂದಲ್ಲದೆ ಸೆಲ್ಯುಲೋಸ್ ಮೊದಲಾದುವುಗಳಿಂದ ಆಗಿದೆ. ಎರ್ಗೊಸ್ಟೆರಾಲನ್ನು ಅದು ತಯಾರಿಸುವುದಿಲ್ಲ. ಅದರ ಬೀಜಕಣಗಳು ಬಾಲಗಳಿಂದ ನೀರಿನಲ್ಲಿ ಈಜುತ್ತವೆ. ಹೀಗಿರುವುದರಿಂದ ಅದು ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ಬಂಧುವೆಂದು ಈಗ ತಿಳಿದಿದೆ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ನಾಶಮಾಡಿ ಮಹಾಕ್ಷಾಮಕ್ಕೆ ಕಾರಣವಾದ ರೋಗವೂ ಇದೇ ಕುಲದ್ದು.

ಆದಕಾರಣ ಎರ್ಗೊಸ್ಟೆರಾಲಿನ ತಯಾರಿಕೆಯನ್ನು ತಡೆಯುವ ಪ್ರೊಪಿಕೊನಜೋಲ್ ಆಗಲಿ, ಕಾರ್ಬೆಂಡಜಿಮ್ ಆಗಲಿ ಕೊಳೆರೋಗಕ್ಕೆ ನಾಟುವುದಿಲ್ಲ. ಇದಕ್ಕೆ ಬೋರ್ಡೋ ದ್ರಾವಣವೇ ತಕ್ಕದ್ದು. 1 ಕಿಲೋ ಮೈಲುತುತ್ತವನ್ನೂ 1 ಕಿಲೋ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಿ, ಒಟ್ಟು 100 ಲೀಟರ್ ಮಾಡತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ಮುಂಗಾರು ಹಿಡಿಯುವ ಮುನ್ನ ಒಂದು ಸಲ, 40ರಿಂದ 45 ದಿನಗಳ ಮೇಲೆ ಇನ್ನೊಂದು ಸಲ ಗೊನೆಗಳಿಗೆ ಸಿಂಪಡಿಸಬೇಕು.

ಉಪಕಾರಿಗಳಾದ ಶಿಲೀಂಧ್ರಗಳು

ಶಿಲೀಂಧ್ರಗಳೆಲ್ಲವೂ ಹಗೆಗಳಲ್ಲ. ಹುಲ್ಲು, ಸೋಗೆ, ಮರದ ತೊಗಟೆಗಳನ್ನು ಕೊಳೆಯಿಸಿ ಗೊಬ್ಬರ ಮಾಡುವುದರಲ್ಲಿ ಇವುಗಳದೇ ದೊಡ್ಡ ಪಾಲು. ಅನೇಕ ಬೆಳೆಗಳ ಬೇರುಗಳಲ್ಲಿ ಕೆಲವು ಶಿಲೀಂಧ್ರಗಳು ನೆಲೆಸಿ, ಮಣ್ಣಿನ ರಂಜಕವನ್ನು ಗಿಡಕ್ಕೆ ಒದಗಿಸಿ, ಪ್ರತಿಯಾಗಿ ಸಕ್ಕರೆಯನ್ನು ಪಡೆಯುತ್ತವೆ. 1928ರಲ್ಲಿ ಫ್ಲೆಮಿಂಗ್‌ರವರು ಕಂಡುಹಿಡಿದ ಪೆನಿಸಿಲಿನ್ ಔಷಧವು ಒಂದು ಬೂಷ್ಟಿನಿಂದ ದೊರೆತುದು. ಟ್ರೈಕೊಡರ್ಮ ಎಂಬ ಶಿಲೀಂಧ್ರವು ಬೇರುಕೊಳೆಯ ಶಿಲೀಂಧ್ರಗಳ ಕೈಟಿನ್ ಗೋಡೆಯನ್ನೇ ಕರಗಿಸಿ ಅವುಗಳನ್ನು ತಿನ್ನುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವಂತೆ, ಇದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಯಿಸಿ ಭೂಮಿಗೆ ಸೇರಿಸುವುದು ಲಾಭಕರ.

ಗ್ರಾಮದ ಮುಖ್ಯಸ್ಥರು ಮಾಡಬೇಕಾದುದು

ರೋಗ ಬಿದ್ದ ಗದ್ದೆಯಿಂದ ಬಿತ್ತನೆ ಬೀಜವನ್ನು ತೆಗೆಯಕೂಡದು. ಯೂರಿಯವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡತಕ್ಕದ್ದು. ಅತಿಯಾದ ಸಾರಜನಕವು ಬೆಂಕಿರೋಗಕ್ಕೆ ಸೊಂಪಾದ ಆಹಾರ. ಬದುಗಳ ಹುಲ್ಲನ್ನು ಸವರಬೇಕು. ಔಷಧಿಯನ್ನು ಕೊಳ್ಳುವ ಮೊದಲು ರೋಗದ ಗರಿಯನ್ನು ಕಿತ್ತು, ರೈತ ಸಂಪರ್ಕ ಕೇಂದ್ರದಲ್ಲಿಯೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ತೋರಿಸುವುದು ಉತ್ತಮ.

ಬೀಜಕಣಕ್ಕೆ ಬದುವಿನ ಎಲ್ಲೆ ತಿಳಿಯದು. ಒಬ್ಬನು ಎಚ್ಚರದಿಂದಿದ್ದು ನೆರೆಯವನು ಉದಾಸೀನನಾದರೆ ಇಬ್ಬರ ಫಸಲೂ ಅಪಾಯಕ್ಕೆ ಗುರಿಯಾಗುವುದು. ಆದಕಾರಣ ಊರಿನ ಹಿರಿಯರೂ ಭೂಮಾಲೀಕರೂ ಹೊಡೆ ತುಂಬುವ ಕಾಲಕ್ಕೆ ಮುಂಚೆಯೇ ಸೇರಿ, ಒಂದು ನಾಲೆಯ ಬಯಲಿನವರೆಲ್ಲರೂ ಏಕಕಾಲದಲ್ಲಿ ಗದ್ದೆಗಳನ್ನು ನೋಡಿ ತಕ್ಕ ಕ್ರಮವನ್ನು ಕೈಕೊಳ್ಳುವಂತೆ ಏರ್ಪಡಿಸುವುದು ಅವಶ್ಯಕವಾಗಿದೆ.