ಹಳೆಯ ಸಣ್ಣ ಬ್ರಿಟಿಷ್ ಕಾರು: ಮಾರ್ಪಾಡಿನ ಕಸುಬು ಮತ್ತು ಕಾನೂನಿನ ಮಿತಿ

ಹಳೆಯ ಕಾಲದ ಸಣ್ಣ ಬ್ರಿಟಿಷ್ ಕಾರುಗಳನ್ನು ಮಾರ್ಪಡಿಸಿ ಪಂದ್ಯಕ್ಕಿಳಿಸುವ ಹವ್ಯಾಸಕ್ಕೆ ಕರ್ನಾಟಕದಲ್ಲಿ ದೊರೆಯುವ ಸಮೀಪದ ಉದಾಹರಣೆಯೆಂದರೆ ಬೆಂಗಳೂರಿನ ಡಾಲ್ಫಿನ್. ಸಿಪಾನಿ ಆಟೋಮೊಬೈಲ್ಸ್ ಸಂಸ್ಥೆಯು 1982ರಲ್ಲಿ ಮಾರುಕಟ್ಟೆಗೆ ತಂದ ಈ ಕಾರು ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಮಾದರಿಯನ್ನು ಆಧರಿಸಿತ್ತು. ಎರಡು ಬಾಗಿಲು, ಫೈಬರ್ ಗ್ಲಾಸ್ ಕವಚ, 848 ಸಿ.ಸಿ. ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ. ರೂಪದಲ್ಲಿ ಇದು ಸ್ಪೋರ್ಟ್ಸ್ ಕಾರಾಗಿರಲಿಲ್ಲ. ಆದರೆ ಅಂಬಾಸಿಡರ್ ಮತ್ತು ಪದ್ಮಿನಿಗಳಿಗಿಂತ ಬಹಳ ಹಗುರವಾಗಿದ್ದುದರಿಂದ ರ್‍ಯಾಲಿ ಮತ್ತು ರೇಸುಗಳಲ್ಲಿ ಹೆಸರು ಗಳಿಸಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಕುಟುಂಬದ ಗ್ರಾಹಕರು ಅತ್ತ ಸರಿದರು. ಪಂದ್ಯದವರ ಪ್ರೀತಿಯಿಂದ ಮಾತ್ರ ಕಾರು ಕಾರ್ಖಾನೆ ನಡೆಯುವುದಿಲ್ಲವಷ್ಟೆ.

ಇದೇ ರಿಲಯಂಟ್ ಎಂಜಿನ್ ಬ್ರಿಟನ್ನಿನಲ್ಲಿ 1939ರಲ್ಲಿ ಸ್ಥಾಪಿತವಾದ 750 ಮೋಟಾರ್ ಕ್ಲಬ್ಬಿನ ಪಂದ್ಯಗಳಲ್ಲಿ ದೀರ್ಘಕಾಲ ಬಳಕೆಯಲ್ಲಿತ್ತು. 1958ರ ಆಸ್ಟಿನ್-ಹೀಲಿ ಸ್ಪ್ರೈಟ್ ಮತ್ತು 1961ರ ಎಂ.ಜಿ. ಮಿಡ್ಜೆಟ್ ಅಲ್ಲಿನ ಹಳೆಯ ಕಾರುಗಳ ಪಂದ್ಯಗಳಲ್ಲಿ ಇಂದಿಗೂ ಓಡುತ್ತವೆ. ಈ ಹವ್ಯಾಸದ ಬೆನ್ನಿಗೆ ಬಿಡಿಭಾಗಗಳ ಉದ್ಯಮವೇ ನಿಂತಿದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಮಿಡ್ಜೆಟ್ ಕಾರಿನ ಸಂಪೂರ್ಣ ಕವಚವನ್ನು ಹೊಸದಾಗಿಯೇ ತಯಾರಿಸಿ ಮಾರಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಲೇತ್ ಘಟಕಗಳಿಗೂ ಟ್ರ್ಯಾಕ್ಟರ್ ದುರಸ್ತಿಗಾರರಿಗೂ ಈ ಕೆಲಸದ ಬಹುಪಾಲು ಅಪರಿಚಿತವಲ್ಲ. ಬುಷ್ ಕೊರೆಯುವುದು, ಪಟ್ಟಾ ಸ್ಪ್ರಿಂಗಿಗೆ ಹದ ಕೊಡುವುದು, ಸಿಲಿಂಡರ್ ಹೆಡ್ ಮಟ್ಟಗೊಳಿಸಿ ಕಂಪ್ರೆಷನ್ ಹೆಚ್ಚಿಸುವುದು ಇವೆಲ್ಲ ನಿತ್ಯದ ಕಸುಬಿಗೆ ಹತ್ತಿರದವು. ಆದರೆ ರಿಲಯಂಟ್ ಎಂಜಿನ್ನಿನಲ್ಲಿ ಒಂದು ಸೂಕ್ಷ್ಮವಿದೆ. ಅದರ ಅಲ್ಯೂಮಿನಿಯಂ ಬ್ಲಾಕಿನೊಳಗೆ ನೀರಿಗೆ ನೇರವಾಗಿ ತಗಲುವ ಎರಕದ ಕಬ್ಬಿಣದ ಲೈನರುಗಳಿರುತ್ತವೆ. ಇವು ಬ್ಲಾಕಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಎತ್ತರದಲ್ಲಿ, ನಾಲ್ಕೂ ಒಂದೇ ಸಮನಾಗಿ ಕುಳಿತರೆ ಮಾತ್ರ ಗ್ಯಾಸ್ಕೆಟ್ ನಿಲ್ಲುತ್ತದೆ. ಪಂಪ್‌ಸೆಟ್ಟಿನ ಅಂದಾಜು ಇಲ್ಲಿ ಸಾಲದು. ಅಳತೆಯ ಉಪಕರಣವೇ ಬೇಕು. ಶಕ್ತಿ ಹೆಚ್ಚಿಸುವ ಮುನ್ನ ಬ್ರೇಕು, ಚಾಲಕನ ರಕ್ಷಣೆಯ ಉಕ್ಕಿನ ಪಂಜರ ಹಾಗೂ ಇಂಧನದ ಕೊಳವೆಗಳನ್ನು ಸರಿಪಡಿಸಬೇಕಾದುದು ಅತ್ಯವಶ್ಯ. ದುರದೃಷ್ಟವಶಾತ್ ಗ್ರಾಹಕರು ಮೊದಲು ಕೇಳುವುದು ಕಾರ್ಬ್ಯುರೇಟರನ್ನೇ.

ತೊಡಕಿರುವುದು ಕಾನೂನಿನಲ್ಲಿ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, 50 ವರ್ಷ ಮೀರಿದ ಖಾಸಗಿ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಮಾನ್ಯತೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂ. ಶುಲ್ಕ, ಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಆದರೆ ವಾಹನವು ಮೂಲ ಸ್ವರೂಪದಲ್ಲಿಯೇ ಇರಬೇಕು. ಚಾಸಿ, ಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗಿರಕೂಡದು. ಅಂದರೆ ಪಂದ್ಯಕ್ಕಾಗಿ ಮಾಡಿದ ಮಾರ್ಪಾಡೇ ಆ ಮಾನ್ಯತೆಗೆ ಕುತ್ತಾಗಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಸಾಮಾನ್ಯ ನೋಂದಣಿಯ ವಾಹನಗಳಲ್ಲಿಯೂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 1982ರ ಡಾಲ್ಫಿನ್ನಿಗೆ 50 ತುಂಬುವುದು 2032ಕ್ಕೆ. ಅಲ್ಲಿಯವರೆಗೆ ಅದರ ಮೂಲ ಭಾಗಗಳನ್ನು ಗುಜರಿಗೆ ಹಾಕಿದವರು ಆಗ ಪೇಚಿಗೆ ಸಿಲುಕಬಹುದು.

ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಘಟಕವು ಕಾರು ರಸ್ತೆಗೋ, ಪ್ರದರ್ಶನಕ್ಕೋ, ಕೇವಲ ಪಂದ್ಯದ ಪಥಕ್ಕೋ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಲೇಸು. ಪಥಕ್ಕೆಂದೇ ಸಿದ್ಧವಾದ ಕಾರನ್ನು ಕೊಯಮತ್ತೂರಿನ ಕಾರಿ ಸ್ಪೀಡ್‌ವೇಗಾಗಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗಾಗಲಿ ಲಾರಿಯ ಮೇಲೆ ಸಾಗಿಸಬೇಕು. ಆ ವೆಚ್ಚ ಮಾಲೀಕನದು. ಕಳಚಿದ ಮೂಲ ಭಾಗಗಳಿಗೆ ಚೀಟಿ ಕಟ್ಟಿ, ಪಟ್ಟಿಗೆ ರುಜು ಪಡೆದು ಹಿಂದಿರುಗಿಸಬೇಕು.

ದರದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಫೈಬರ್ ಗ್ಲಾಸ್ ಬಾನೆಟ್ಟಿಗೆ ತಗಲುವ ಸಾಮಗ್ರಿಗಿಂತ ಅದರ ಅಚ್ಚಿಗೆ ತಗಲುವ ಶ್ರಮ ದೊಡ್ಡದು. ಒಂದೇ ಬಾನೆಟ್ಟಿಗೆ ಅಚ್ಚಿನ ಖರ್ಚನ್ನೆಲ್ಲ ಹೊರಿಸಿದರೆ ಗ್ರಾಹಕ ಹಿಂಜರಿಯುತ್ತಾನೆ; ಹೊರಿಸದಿದ್ದರೆ ಘಟಕಕ್ಕೆ ನಷ್ಟ. ಅಚ್ಚು ಯಾರ ಸ್ವತ್ತು, ಅದರಿಂದ ಎರಡನೆಯ ಬಾನೆಟ್ ತೆಗೆದು ಬೇರೆಯವರಿಗೆ ಮಾರುವ ಹಕ್ಕು ಯಾರದು ಎಂಬುದನ್ನು ಮುಂಗಡ ಪಡೆಯುವ ದಿನವೇ ಇತ್ಯರ್ಥಪಡಿಸಿಕೊಳ್ಳಬೇಕು.