ಎರಡು ಕಡೆ ತೆರೆಯುವ ಹಿಂಬಾಗಿಲು

1966ರ ಫೋರ್ಡ್ ಕಂಟ್ರಿ ಸ್ಕ್ವೈರ್ ಸ್ಟೇಷನ್ ವ್ಯಾಗನ್ನಿನ ಹಿಂಬಾಗಿಲಿಗೆ ಎರಡು ಹಿಡಿಕೆ. ಒಂದನ್ನು ಎಳೆದರೆ ಬಾಗಿಲು ಹಿಂದಕ್ಕೆ ವಾಲಿ, ಕಾರಿನ ನೆಲಕ್ಕೆ ಸಮವಾಗಿ ಮಲಗುತ್ತದೆ. ಇನ್ನೊಂದನ್ನು ಎಳೆದರೆ ಅದೇ ಬಾಗಿಲು ಎಡಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಅದಕ್ಕೆ ತುಸು ಮುಂಚಿನ ಅಮೆರಿಕನ್ ಕಾರುಗಳಲ್ಲಿ ಉದ್ದುದ್ದ ರೆಕ್ಕೆ, ಹೊಳೆಯುವ ಕ್ರೋಮ್ ಎಲ್ಲ ಇದ್ದವು. ಅವೆಲ್ಲಕ್ಕಿಂತ ಈ ಬಾಗಿಲೇ ನನಗೆ ದೊಡ್ಡ ಎಂಜಿನಿಯರಿಂಗ್ ಅನ್ನಿಸುತ್ತದೆ.

ಒಂದೇ ಬಾಗಿಲು ಎರಡು ದಿಕ್ಕಿಗೆ ತಿರುಗುವುದು ಹೇಗೆ? ಅದರ ನಾಲ್ಕು ಮೂಲೆಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಬಾಗಿಲು ಕೆಳಕ್ಕೆ ಮಲಗಬೇಕಾದರೆ ಕೆಳಗಿನ ಎರಡು ಮೂಲೆ ಹಿಡಿದಿರಬೇಕು, ಮೇಲಿನ ಎರಡು ಬಿಡಬೇಕು. ಪಕ್ಕಕ್ಕೆ ತೆರೆಯಬೇಕಾದರೆ ಎಡಗಡೆಯ ಎರಡು ಹಿಡಿದಿರಬೇಕು, ಬಲಗಡೆಯ ಎರಡು ಬಿಡಬೇಕು. ಎರಡು ಸಂದರ್ಭದಲ್ಲೂ ಕೈಬಿಡದ ಮೂಲೆ ಒಂದೇ, ಎಡಗಡೆಯ ಕೆಳಮೂಲೆ. ಹಾಗಾಗಿ ಅಲ್ಲಿನ ಕೀಲು ಮಲಗುವ ಬಾಗಿಲಿಗೂ ಒದಗಬೇಕು, ತಿರುಗುವ ಬಾಗಿಲಿಗೂ ಒದಗಬೇಕು. ಬಲಗಡೆಯ ಮೇಲ್ಮೂಲೆ ಎರಡರಲ್ಲೂ ಬಿಡುವುದರಿಂದ ಅಲ್ಲಿ ಬರಿಯ ಚಿಲಕ ಸಾಕು. ಉಳಿದ ಎರಡು ಮೂಲೆಗಳು ಒಮ್ಮೆ ಕೀಲಿನ ಕೆಲಸ ಮಾಡುತ್ತವೆ, ಇನ್ನೊಮ್ಮೆ ಚಿಲಕದ ಕೆಲಸ. ಎಲ್ಲ ಚಿಲಕಗಳೂ ಒಟ್ಟಿಗೆ ಬಿಟ್ಟುಕೊಂಡರೆ ಗಾಜು ಸಮೇತ ಭಾರವಾದ ಬಾಗಿಲು ಒಂದೇ ಕೀಲಿನಲ್ಲಿ ಜೋತಾಡಬೇಕಾಗುತ್ತದೆ. ಆದ್ದರಿಂದ ಒಂದು ಕಡೆ ತೆರೆದಾಗ ಇನ್ನೊಂದು ಕಡೆ ಬಿಗಿಯಾಗಿರುವಂತೆ ತಡೆಯೂ ಬೇಕು.

ಇಷ್ಟು ಕಷ್ಟಪಟ್ಟದ್ದು ಯಾಕೆ? ವ್ಯಾಗನ್ ಇರುವುದೇ ಹಿಂದಿನಿಂದ ತುಂಬುವುದಕ್ಕೆ. ಮರದ ತೊಲೆ, ಪ್ಲೈವುಡ್ ಹಾಳೆ ಹೇರುವಾಗ ಬಾಗಿಲು ಮಲಗಿದ್ದರೆ ಉದ್ದದ ಸಾಮಾನಿಗೆ ಆಸರೆ. ಆದರೆ ದಿನಸಿ ಚೀಲ ಇಡುವವರಿಗೆ ಅದೇ ಅಡ್ಡಿ: ಮಲಗಿದ ಬಾಗಿಲಿನ ಆಚೆ ನಿಂತು ಸೊಂಟ ಬಗ್ಗಿಸಿ ಒಳಕ್ಕೆ ಕೈಚಾಚಬೇಕು. ಮಕ್ಕಳು ಅದರ ಮೇಲೆ ಹತ್ತಿ ತೆವಳಬೇಕು. ಆಗಿನ ದೊಡ್ಡ ಫೋರ್ಡ್ ವ್ಯಾಗನ್ನುಗಳ ತೀರ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಪುಟ್ಟ ಸೀಟುಗಳನ್ನು ಕೊಡುತ್ತಿದ್ದರು. ಅಲ್ಲಿ ಕೂರುವ ಮಕ್ಕಳಿಗೆ ಪಕ್ಕಕ್ಕೆ ತೆರೆಯುವ ಬಾಗಿಲು ನಿಜವಾದ ಉಪಕಾರ. ಕ್ರೈಸ್ಲರ್ ಕಂಪನಿ 1957ರಲ್ಲೇ ಹಿಂದಕ್ಕೆ ಮುಖಮಾಡಿದ ಮೂರನೆಯ ಸೀಟು ತಂದಿತ್ತು. ಅದರಲ್ಲಿ ಕೂತು ಹಿಂದೆ ಸರಿಯುವ ರಸ್ತೆ ನೋಡುವುದು ಮಕ್ಕಳಿಗೆ ಹಬ್ಬವೇ ಇದ್ದಿರಬೇಕು. ಆದರೆ ಹಿಂದಿನಿಂದ ಇನ್ನೊಂದು ವಾಹನ ಬಂದು ಗುದ್ದಿದರೆ ಮೊದಲ ಪೆಟ್ಟು ಅವರಿಗೇ. ಎಷ್ಟೋ ಮನೆಯ ಮಕ್ಕಳು ಸೀಟು, ಬೆಲ್ಟು ಯಾವುದೂ ಇಲ್ಲದೆ ಬರಿಯ ನೆಲದ ಮೇಲೆ ಹೊರಳಾಡುತ್ತ ಪಯಣಿಸಿದರು. ಆ ದಿನಗಳನ್ನು ಸವಿನೆನಪಾಗಿ ಹೇಳುವವರು ಈ ಅಪಾಯವನ್ನೂ ಹೇಳಬೇಕು.

ಸ್ಟೇಷನ್ ವ್ಯಾಗನ್ ಹುಟ್ಟಿದ್ದು ರೈಲು ನಿಲ್ದಾಣದಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಸಾಗಿಸಲು. ಮೊದಮೊದಲು ಫೋರ್ಡ್ ಮಾಡೆಲ್ ಟಿ ಕಾರಿನ ಚಾಸಿಸ್ ಮೇಲೆ ಬಡಗಿಗಳು ಮರದ ಮೈ ಕಟ್ಟಿಕೊಡುತ್ತಿದ್ದರು. 1929ರಲ್ಲಿ ಫೋರ್ಡ್ ತಾನೇ ಮಾಡೆಲ್ ಎ ವ್ಯಾಗನ್ ಮಾರತೊಡಗಿತು. ಅದರ ಮೇಪಲ್, ಬರ್ಚ್ ಮರಗಳು ಬಂದದ್ದು ಮಿಷಿಗನ್ ರಾಜ್ಯದ ಉತ್ತರದ ಕಾಡುಗಳಿಂದ. ಅಲ್ಲಿನ ಫೋರ್ಡ್ ಮರದ ಕಾರ್ಖಾನೆ ಉಳಿದ ಚೂರುಗಳನ್ನು ಸುಟ್ಟು ಇದ್ದಿಲ ಉಂಡೆ ಮಾಡಿ ಮಾರಿತು. ಕಿಂಗ್ಸ್‌ಫೋರ್ಡ್ ಹೆಸರಿನಲ್ಲಿ ಆ ಇದ್ದಿಲು ಇಂದಿಗೂ ಸಿಗುತ್ತದೆ. ಮರದ ಮೈ ನೋಡಲು ಚೆಂದ, ಸಾಕಲು ಕಷ್ಟ. ವಾರ್ನಿಷ್ ತಪ್ಪಿದರೆ ಕೊಳೆಯುತ್ತದೆ, ಕುಲುಕಾಟಕ್ಕೆ ಜೋಡಣೆಗಳು ಸಡಿಲವಾಗಿ ಕಿರುಗುಟ್ಟುತ್ತವೆ. 1946ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ವಿನ್ಯಾಸದ ವಿಲ್ಲಿಸ್ ಜೀಪ್ ವ್ಯಾಗನ್ ಪೂರ್ತಿ ಉಕ್ಕಿನ ಮೈಯಲ್ಲಿ ಬಂತು. ಅಮೆರಿಕದ ದೊಡ್ಡ ಕಂಪನಿಗಳ ಪೈಕಿ ನಿಜವಾದ ಮರದ ಚೌಕಟ್ಟಿನ ಕೊನೆಯ ವ್ಯಾಗನ್ 1953ರ ಬ್ಯೂಕ್. ಕಂಟ್ರಿ ಸ್ಕ್ವೈರ್ 1952ರಿಂದಲೇ ಉಕ್ಕಿಗೆ ಬದಲಾಗಿತ್ತು. ಅದರ ಪಕ್ಕಗಳಲ್ಲಿ ಕಾಣುವ ಮರ, ಉಕ್ಕಿನ ಮೇಲೆ ಅಂಟಿಸಿದ ಚಿತ್ರದ ಹಾಳೆ. ಮರ ಹೋದರೂ ಮರದ ಗೌರವ ಕೊಳ್ಳುವವರ ಮನಸ್ಸಿನಿಂದ ಹೋಗಿರಲಿಲ್ಲ.

ಹಿಂಭಾಗ ನೆಟ್ಟಗೆ ಕತ್ತರಿಸಿದಂತಿದ್ದರೆ ಗಾಳಿಯದೂ ಒಂದು ತೊಂದರೆ. ಓಡುವ ಕಾರಿನ ಮೇಲೂ ಪಕ್ಕದಲ್ಲೂ ಹರಿದು ಬಂದ ಗಾಳಿ ಆ ಅಂಚಿನಲ್ಲಿ ಥಟ್ಟನೆ ಒಳಕ್ಕೆ ತಿರುಗಲಾರದು, ಮೈಬಿಟ್ಟು ಮುಂದೆ ಹರಿಯುತ್ತದೆ. ಬಾಗಿಲಿನ ಹಿಂದೆ ಒತ್ತಡ ಕಡಿಮೆಯಾದ ಜಾಗ ಉಳಿದು, ಅಲ್ಲಿ ಸುಳಿಗಳು ಏಳುತ್ತವೆ. ಮಣ್ಣುರಸ್ತೆಯ ಬಸ್ಸಿನ ಹಿಂಗಾಜಿಗೆ ಧೂಳು ಮೆತ್ತುವುದೂ ಹೀಗೆಯೇ. ವ್ಯಾಗನ್ನಿನ ಹಿಂಗಾಜು ಇಳಿಸಿಕೊಂಡು ಓಡಿಸಿದರೆ ಬರುವುದು ಧೂಳು ಮಾತ್ರವಲ್ಲ. ಸೈಲೆನ್ಸರಿನಿಂದ ಹೊರಬಿದ್ದ ಹೊಗೆ ಅದೇ ಸುಳಿಗೆ ಸಿಕ್ಕಿ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ತೀರ ಹಿಂದೆ ಮಲಗಿದ ಮಗುವಿಗೇ ಅದು ಮೊದಲು ತಾಗುವುದು. ಆದ್ದರಿಂದಲೇ ಓಡುವಾಗ ಆ ಗಾಜು ಮುಚ್ಚಿರಬೇಕಿತ್ತು. ಗಾಜು ಕೊಳೆಯಾಗದಿರಲೆಂದು ಕೆಲವರು ಚಾವಣಿಯ ಅಂಚಿಗೆ ಒಂದು ಬಾಗಿದ ಪಟ್ಟಿ ಹಾಕಿಸುತ್ತಿದ್ದರು. ಅದು ಮೇಲಿನ ಗಾಳಿಯ ಒಂದಿಷ್ಟನ್ನು ಕೆಳಕ್ಕೆ ತಿರುಗಿಸಿ ಗಾಜನ್ನು ತೊಳೆಯುವಂತೆ ಹರಿಸುತ್ತದೆ.

ಅಮೆರಿಕದಲ್ಲಿ 1956ರ ಕಾನೂನು 41,000 ಮೈಲಿಯ ಹೆದ್ದಾರಿ ಜಾಲಕ್ಕೆ ಹಣ ಒದಗಿಸಿತು. ಊರಾಚೆಯ ಹೊಸ ಬಡಾವಣೆಗಳ ಸಂಸಾರಗಳು ರಜೆ ಬಂದಾಗ ವ್ಯಾಗನ್ ತುಂಬಿಕೊಂಡು ಹೊರಟವು. 1973ರ ತೈಲ ಬಿಕ್ಕಟ್ಟು ಆ ಭಾರದ ಕಾರುಗಳಿಗೆ ಮೊದಲ ಹೊಡೆತ ಕೊಟ್ಟಿತು. ಅನಂತರ ಬಂದ ಇಂಧನ ಮಿತವ್ಯಯದ ನಿಯಮ ವ್ಯಾಗನ್ನನ್ನು ಕಾರುಗಳ ಲೆಕ್ಕಕ್ಕೆ ಸೇರಿಸಿತು. ಕ್ರೈಸ್ಲರ್‌ನ 1984ರ ಮಿನಿವ್ಯಾನ್ ಮಾತ್ರ ಹಗುರ ಟ್ರಕ್ಕುಗಳ ಸಡಿಲ ಲೆಕ್ಕಕ್ಕೆ ಹೋಯಿತು. ಒಂದೇ ಸಂಸಾರವನ್ನು ಹೊರುವ ಎರಡು ವಾಹನಗಳಿಗೆ ಎರಡು ಅಳತೆ ಇಟ್ಟದ್ದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಕಂಟ್ರಿ ಸ್ಕ್ವೈರ್ 1991ಕ್ಕೆ ನಿಂತಿತು, ಜನರಲ್ ಮೋಟರ್ಸ್‌ನ ದೊಡ್ಡ ವ್ಯಾಗನ್ನುಗಳು 1996ಕ್ಕೆ. ಎರಡು ಕಡೆ ತೆರೆಯುವ ಬಾಗಿಲನ್ನು ಆಮೇಲೆ ಹೋಂಡಾ ಕಂಪನಿ ತನ್ನ ರಿಡ್ಜ್‌ಲೈನ್ ಪಿಕಪ್ಪಿಗೆ ಹಾಕಿತು. ಅದೂ ಕೆಳಕ್ಕೆ ಮಲಗುತ್ತದೆ, ಪಕ್ಕಕ್ಕೂ ತೆರೆಯುತ್ತದೆ.