ಕೂದಲೆಳೆಯ ಕಿರಣಕ್ಕೂ ಅಳತೆ ಬೇಕು



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಹೊಸದಲ್ಲ. ಥರ್ಮಾಮೀಟರ್ ನೋಡಿಯೇ ಬೆಂಕಿ ಹೆಚ್ಚು ಕಡಿಮೆ ಮಾಡುತ್ತಾರೆ. ಶಾಖದ ಅಳತೆ ತಪ್ಪಿದರೆ ಸೊಪ್ಪು ಹಾಳು. ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣದ ಅಳತೆ ತಪ್ಪಿದರೆ ಹಾಳಾಗುವುದು ಜೀವ.

ನಮ್ಮ ಜನ 'ಕರೆಂಟ್ ಕೊಡಿಸುವುದು' ಎನ್ನುವ ಈ ಚಿಕಿತ್ಸೆಗೆ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುತ್ತಾರೆ. ವಿಕಿರಣವನ್ನು 'ಗ್ರೇ' ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇ ಕೊಡುತ್ತಾರೆ. ಮೆದುಳಿನ ಚಿಕ್ಕ ಗೆಡ್ಡೆಗಾದರೆ ಕೆಲವೇ ಮಿಲಿಮೀಟರ್ ಅಗಲದ ಕಿರಣ ಸಾಕು. ಕಷ್ಟವಿರುವುದು ಅದನ್ನು ಅಳೆಯುವುದರಲ್ಲಿ.

ನಲ್ಲಿಯ ಸಣ್ಣ ಧಾರೆಯ ಕೆಳಗೆ ಅಗಲವಾದ ತಟ್ಟೆ ಇಟ್ಟು ನೋಡಿ. ನೀರು ಹರಡಿ, ಬಿದ್ದದ್ದು ಅಲ್ಪವೆಂದು ತೋರುತ್ತದೆ. ಕಿರಣಕ್ಕಿಂತ ದೊಡ್ಡದಾದ ಮಾಪಕವೂ ಹೀಗೆಯೇ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಯಂತ್ರವನ್ನು ಹೊಂದಿಸಿದರೆ ರೋಗಿಗೆ ಹೆಚ್ಚು ವಿಕಿರಣ ಬೀಳುತ್ತದೆ. ಫ್ರಾನ್ಸಿನ ತುಲೂಸ್ ನಗರದಲ್ಲಿ 2006-07ರಲ್ಲಿ ನಡೆದದ್ದು ಇದೇ. ತಕ್ಕದ್ದಲ್ಲದ ಮಾಪಕದಿಂದಾಗಿ 145 ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಿತ್ತು. ಸಣ್ಣ ಕಿರಣಗಳನ್ನು ಅಳೆಯಲು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2017ರಲ್ಲಿ ಪ್ರತ್ಯೇಕ ನಿಯಮಾವಳಿ ಹೊರತಂದಿತು.

ಫ್ರಾನ್ಸಿನದೇ ಗ್ರೆನೋಬಲ್‌ನಲ್ಲಿ ವಿಜ್ಞಾನಿಗಳು ತಲೆಗೂದಲಿಗಿಂತ ತೆಳುವಾದ ಕಿರಣಗಳನ್ನು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಹಾಯಿಸಿ ಪ್ರಯೋಗ ನಡೆಸಿದ್ದಾರೆ. ಕಿರಣ ಬಿದ್ದಲ್ಲಿ ನೂರಾರು ಗ್ರೇ, ನಡುವಿನ ಸಂದಿನಲ್ಲಿ ಕೆಲವೇ ಗ್ರೇ. ಸಂದಿನ ಆರೋಗ್ಯವಂತ ಜೀವಕೋಶಗಳು ಉಳಿದು ಗಾಯವನ್ನು ಮಾಯಿಸುತ್ತವೆ ಎಂಬುದು ನಿರೀಕ್ಷೆ. ಈ ಸಂದಿನ ಅಳತೆ ತಪ್ಪಿದರೆ ಲಾಭವೇ ಇಲ್ಲ. ಆದ್ದರಿಂದ ವಿಕಿರಣ ಬಿದ್ದಷ್ಟೂ ಬಣ್ಣ ಗಾಢವಾಗುವ ವಿಶೇಷ ಫಿಲ್ಮ್ ಇಟ್ಟು ಅಳೆಯುತ್ತಾರೆ. ಜೊತೆಗೆ 'ಮಾಂಟೆ ಕಾರ್ಲೊ' ಎಂಬ ಲೆಕ್ಕಾಚಾರದಿಂದ ಕೋಟಿಗಟ್ಟಲೆ ಕಣಗಳ ದಾರಿಯನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುತ್ತಾರೆ. ಎರಡೂ ತಾಳೆಯಾದರಷ್ಟೇ ಅಳತೆಯನ್ನು ನಂಬುತ್ತಾರೆ. ಇದಿನ್ನೂ ಪ್ರಯೋಗದ ಹಂತದಲ್ಲಿದೆ.

ನಮ್ಮ ಆಸ್ಪತ್ರೆಗಳಲ್ಲೂ ವೈದ್ಯರ ಹಿಂದೆ ಈ ಅಳತೆ ನೋಡಿಕೊಳ್ಳುವ ಭೌತವಿಜ್ಞಾನಿಗಳಿರುತ್ತಾರೆ. ಸ್ಕ್ಯಾನ್ ಆದ ಮೇಲೆ ಚಿಕಿತ್ಸೆ ಶುರುವಾಗಲು ಕೆಲವು ದಿನ ಹಿಡಿದರೆ ಬೇಸರಿಸಬೇಡಿ. ಆ ದಿನಗಳು ಲೆಕ್ಕ ಹಾಕುವುದಕ್ಕೆ, ಪರೀಕ್ಷಿಸುವುದಕ್ಕೆ ಸಲ್ಲುತ್ತವೆ. "ಅಳತೆ ಪರೀಕ್ಷಿಸಿದ್ದೀರಾ?" ಎಂದು ಸಂಕೋಚವಿಲ್ಲದೆ ಕೇಳಿ. ಮೈಮೇಲೆ ಹಾಕಿದ ಗುರುತುಗಳನ್ನು ವುಝೂ, ಸ್ನಾನದ ವೇಳೆ ಉಜ್ಜಿ ಅಳಿಸಬೇಡಿ. ಮಾಸಿದರೆ ನೀವೇ ಬರೆದುಕೊಳ್ಳದೆ ಸಿಬ್ಬಂದಿಗೆ ತಿಳಿಸಿ. ಯಂತ್ರದ ಕೆಳಗೆ ಅಲುಗಾಡದೆ ಮಲಗಿ. ಅಳತೆ ಎಷ್ಟೇ ಸರಿಯಿದ್ದರೂ ಕಿರಣ ಬೀಳುವ ಜಾಗ ತಪ್ಪಬಾರದಲ್ಲವೇ?